ಪುರವಂತರ ಒಡಪು: ಒಂದು ಉಸಿರಿನ ಲೆಕ್ಕ

ಗುಗ್ಗಳದ ಮೆರವಣಿಗೆ ಓಣಿಯ ತಿರುವಿನಲ್ಲಿ ನಿಲ್ಲುತ್ತದೆ. ಅದುವರೆಗೆ ಕಿವಿ ತುಂಬಿದ್ದ ಕರಡಿ, ಸಮಾಳಗಳು ಒಮ್ಮೆಲೇ ಸುಮ್ಮನಾಗುತ್ತವೆ. ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಖಡ್ಗ ಹಿಡಿದ ಪುರವಂತರು ಮುಂದೆ ಬಂದು ಏರುದನಿಯಲ್ಲಿ ಒಡಪು ಹೇಳತೊಡಗುತ್ತಾರೆ. ಶಿಗ್ಗಾಂವ, ಸವಣೂರು ಸೀಮೆಯ ಮಕ್ಕಳಿಗೆ ಇದು ಹೊಸ ನೋಟವಲ್ಲ. ಸವಣೂರು ತಾಲ್ಲೂಕಿನ ಕಾರಡಗಿಯ ವೀರಭದ್ರೇಶ್ವರನಿಗೆ ನಡೆದುಕೊಳ್ಳುವ ಮನೆತನಗಳು ಇಲ್ಲಿ ಅನೇಕ. (ಮದುಮಗಳು ಗಂಡನ ಹೆಸರು ಹೇಳುವ ಒಡಪು ಬೇರೆ, ಇದು ಬೇರೆ!)

ಒಡಪಿನ ಮುಖ್ಯ ಕಥೆ ದಕ್ಷಯಜ್ಞ. ದಾಕ್ಷಾಯಣಿ ಅಗ್ನಿಗೆ ಹಾರಿದ್ದು, ಶಿವನ ಜಟೆಯಿಂದ ವೀರಭದ್ರ ಹುಟ್ಟಿದ್ದು, ದಕ್ಷನ ಮುಂಡಕ್ಕೆ ಕುರಿಯ ತಲೆ ಬಂದದ್ದು ಎಲ್ಲವೂ ಬಾಯಿಪಾಠವಾಗಿಯೇ ಬರುತ್ತದೆ. ಇದು ಹಾಡೂ ಅಲ್ಲ, ಬರಿಯ ಮಾತೂ ಅಲ್ಲ. ಶ್ವಾಸಕೋಶದ ಗಾಳಿ ಗಂಟಲಿನ ಧ್ವನಿತಂತುಗಳನ್ನು ಕಂಪಿಸಿದರೆ ತಾನೆ ದನಿ? ಆ ಗಾಳಿ ತೀರುವವರೆಗೆ ಮಾತು ಓಡುತ್ತದೆ. ತೀರಿದೊಡನೆ ಸಂಗಡಿಗರು ರುದ್ರನ ಹೆಸರು ಕೂಗುತ್ತಾರೆ, ವಾದ್ಯ ಬಡಿಯುತ್ತದೆ, ಹೆಜ್ಜೆ ಬೀಳುತ್ತದೆ. ಹೇಳುವವರು ಉಸಿರೆಳೆದುಕೊಳ್ಳುವುದು ಆ ಗದ್ದಲದ ಮರೆಯಲ್ಲೇ.

ಇದೇ ಉಸಿರಿನ ತೊಡಕನ್ನು ಇಂಡೊನೇಷ್ಯಾದ ಬಾಲಿ ದ್ವೀಪದವರು ಬೇರೆ ರೀತಿಯಲ್ಲಿ ಬಿಡಿಸಿದ್ದಾರೆ. ಅಲ್ಲಿನ ಕೆಚಕ್ ನೃತ್ಯದಲ್ಲಿ ವಾದ್ಯವೇ ಇಲ್ಲ. ಹತ್ತಾರು ಗಂಡಸರು ವರ್ತುಲಾಕಾರವಾಗಿ ಕುಳಿತು 'ಚಕ್ ಚಕ್' ಎನ್ನುತ್ತಾರೆ. ರಾಮಾಯಣದ ಕಪಿಸೇನೆ ಅವರೇ. ಒಂದು ಗುಂಪು ಬಿಟ್ಟ ಸಂದಿಯಲ್ಲಿ ಇನ್ನೊಂದು ಗುಂಪಿನ ದನಿ ಬೀಳುವುದರಿಂದ ಸದ್ದು ಎಲ್ಲಿಯೂ ಕಡಿಯುವುದಿಲ್ಲ. ಸಾಂಘ್ಯಾಂಗ್ ಎಂಬ ಹಳೆಯ ಆಚರಣೆಯ ಕೂಗಿಗೆ ರಾಮಕಥೆ ಜೋಡಿಸಿ 1930ರ ದಶಕದಲ್ಲಿ ಈಗಿನ ರೂಪ ಕೊಟ್ಟವರಲ್ಲಿ ವಯಾನ್ ಲಿಂಬಕ್ ಎಂಬ ನರ್ತಕ ಮತ್ತು ವಾಲ್ಟರ್ ಸ್ಪೀಸ್ ಎಂಬ ಜರ್ಮನ್ ಚಿತ್ರಕಾರ ಪ್ರಮುಖರು. ಇಂದು ಅದನ್ನು ನೋಡಲೆಂದೇ ಪ್ರವಾಸಿಗರು ಟಿಕೆಟು ಕೊಳ್ಳುತ್ತಾರೆ.

ಒಡಪಿಗೆ ಟಿಕೆಟಿಲ್ಲ, ಅದಕ್ಕೆ ಬೇಕಾದದ್ದು ಅರೆಗಳಿಗೆಯ ಮೌನ. ಪಕ್ಕದಲ್ಲಿ ಮದುವೆಯ ಧ್ವನಿವರ್ಧಕ ಮೊರೆಯುತ್ತಿದ್ದರೆ ಖಡ್ಗ ಕಾಣುತ್ತದೆ, ಮಾತು ಕೇಳುವುದಿಲ್ಲ. ಕೇಳದ ಮಾತನ್ನು ಯಾವ ಹುಡುಗ ಕಲಿತಾನು? ಶಿಗ್ಗಾಂವ ತಾಲ್ಲೂಕಿನ ಗೊಟಗೋಡಿಯಲ್ಲೇ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು, ನಿಜ. ಆದರೆ ಬಾಯಿಂದ ಬಾಯಿಗೆ ಬರುವ ವಿದ್ಯೆಗೆ ಮೊದಲ ಶಾಲೆ ಓಣಿಯೇ.

ಮುಂದಿನ ಗುಗ್ಗಳಕ್ಕೆ ತಂದೆತಾಯಿಗಳು ಆ ಧ್ವನಿವರ್ಧಕವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಮಕ್ಕಳನ್ನು ಮುಂದಿನ ಸಾಲಿಗೆ ಬಿಡಲಿ. ಪುರವಂತರು ಒಂದೇ ಉಸಿರಿನಲ್ಲಿ ಎಷ್ಟು ಮಾತು ಹೇಳಿದರೆಂದು ಮಕ್ಕಳು ಎಣಿಸಲಿ. ಮನೆಗೆ ಬಂದು ತಾವೂ ಅಷ್ಟನ್ನು ಹೇಳಿ ನೋಡಲಿ.