ಅಮ್ಮನ ‘ಹೂಂ’ ಕಲಿಸಿದ ಪಾಠ

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್‌ಗೆಂದು ನಾವು ನಾಲ್ವರು ಗೆಳೆಯರು ಸೇರಿ ಒಂದು ಆ್ಯಪ್ ಮಾಡಿದ್ದೆವು. ಹಸು ಸಾಕುವವರು ದಿನದ ಹಾಲು, ಹಿಂಡಿಯ ಖರ್ಚು, ಬರಬೇಕಾದ ಬಾಕಿ ಎಲ್ಲವನ್ನೂ ಅದರಲ್ಲಿ ಬರೆದಿಡಲಿ ಎಂಬುದು ಉದ್ದೇಶ. ಬಣ್ಣ, ಐಕಾನ್, ಗ್ರಾಫ್ ಎಲ್ಲವೂ ಚೆನ್ನಾಗಿದ್ದವು. ಒಳ್ಳೆಯ ಅಂಕವೂ ಬಂತು. ಊರಿಗೆ ಹೋದವನೇ ಅಮ್ಮನ ಮೊಬೈಲ್‌ಗೆ ಹಾಕಿಕೊಟ್ಟೆ. ವಾರ ಬಿಟ್ಟು ನೋಡಿದರೆ ಒಂದೇ ದಿನದ ಲೆಕ್ಕವಿತ್ತು. ಅದೂ ನಾನೇ ತುಂಬಿದ್ದು!

‘ನಿನಗೆ ಕಲಿಯೋ ಮನಸ್ಸೇ ಇಲ್ಲಮ್ಮ’ ಎಂದು ರೇಗಿದೆ. ಅಮ್ಮ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಪಕ್ಕದಲ್ಲೇ ನಿಂತು ನೋಡಿದಾಗ ವಿಷಯ ತಿಳಿಯಿತು. ಹಾಲು ಕರೆದ ಕೈ ಒದ್ದೆ. ಸೆರಗಿಗೆ ಒರೆಸಿಕೊಂಡು ಮುಟ್ಟಿದರೂ ಪರದೆ ಒಮ್ಮೆ ಸುಮ್ಮನಿರುತ್ತಿತ್ತು, ಇನ್ನೊಮ್ಮೆ ಎಲ್ಲಿಗೋ ಜಿಗಿಯುತ್ತಿತ್ತು. ಮೊಬೈಲ್ ಪರದೆ ಗುರುತಿಸುವುದು ಬೆರಳಿನ ಒತ್ತಡವನ್ನಲ್ಲ. ಬೆರಳು ತಾಗಿದಾಗ ವಿದ್ಯುತ್ ಕ್ಷೇತ್ರದಲ್ಲಾಗುವ ಬದಲಾವಣೆಯನ್ನು. ನೀರಿನ ಹನಿಯೂ ಅದನ್ನು ಏರುಪೇರು ಮಾಡುತ್ತದೆ. ದುಡಿದು ಜಡ್ಡುಗಟ್ಟಿದ ಬೆರಳಿಗೆ ಅದು ಸರಿಯಾಗಿ ಸ್ಪಂದಿಸದಿರುವುದೂ ಉಂಟು. ತಪ್ಪು ಅಮ್ಮನದಾಗಿರಲಿಲ್ಲ.

ಅಮೆರಿಕದ ವಿನ್ಯಾಸ ಚಿಂತಕ ಡಾನ್ ನಾರ್ಮನ್ 1988ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದೂ ಇದನ್ನೇ. ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ಎಂದು ಜನ ತಡವರಿಸಿದರೆ ದೋಷ ಜನರದ್ದಲ್ಲ, ಬಾಗಿಲಿನದ್ದು. ಮನುಷ್ಯ ಮತ್ತು ಯಂತ್ರದ ನಡುವಿನ ಇಂಥ ಒಡನಾಟವನ್ನು ರೂಪಿಸುವ ಕೆಲಸವೇ ಇಂಟರ‍್ಯಾಕ್ಷನ್ ಡಿಸೈನ್. ಡಗ್ಲಸ್ ಎಂಗೆಲ್‌ಬರ್ಟ್ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೌಸ್ ಬಳಸಿ ತೋರಿಸಿದರು. 2007ರಲ್ಲಿ ಬಂದ ಐಫೋನ್ ಬೆರಳನ್ನೇ ಮೌಸ್ ಮಾಡಿತು. ಉಚ್ಚಾರಣೆಗೆ ಹತ್ತಿರದ ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಅಕ್ಷರ ಮೂಡುವಂತೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೂ ಇದೇ ಸಾಲಿಗೆ ಸೇರುತ್ತದೆ.

ಈಗ ಸರದಿ ಮಾತಿನದು. ಕಿರಾಣಿ ಅಂಗಡಿಯ ಪುಟ್ಟ ಡಬ್ಬಿ ‘ಇಷ್ಟು ರೂಪಾಯಿ ಬಂದಿದೆ’ ಎಂದು ಕೂಗಿ ಹೇಳುತ್ತದೆ. ಅಂಗಡಿಯವರು ತಕ್ಕಡಿಯಿಂದ ಕಣ್ಣು ತೆಗೆಯಬೇಕಿಲ್ಲ. ಸಾದಾ ಫೋನಿನಲ್ಲೂ ಕರೆ ಮಾಡಿ ಹಣ ಕಳಿಸುವ ಯುಪಿಐ 123ಪೇ 2022ರಲ್ಲೇ ಬಂದಿದೆ. ಎಐ ಬಂದ ಮೇಲಂತೂ ಯಂತ್ರದೊಂದಿಗೆ ಸಲೀಸಾಗಿ ಮಾತನಾಡಬಹುದು ಎನ್ನುತ್ತಾರೆ. ಹಾಗಾಗಿ ನಾನೂ ಆ್ಯಪ್‌ನ ಬಟನ್‌ಗಳನ್ನೆಲ್ಲ ತೆಗೆದು ಧ್ವನಿ ಅಳವಡಿಸಲು ಕುಳಿತೆ.

ಅಲ್ಲಿ ಹೊಸ ಪಾಠ ಶುರುವಾಯಿತು. ಅಮ್ಮ ‘ಎರಡು ಪಾಯಿಂಟ್ ಎರಡು ಐದು’ ಎನ್ನುವುದಿಲ್ಲ, ‘ಎರಡೂಕಾಲು ಲೀಟರ್’ ಎನ್ನುತ್ತಾಳೆ. ಮುಕ್ಕಾಲು, ಒಂದೂವರೆ ಎಲ್ಲವೂ ಯಂತ್ರಕ್ಕೆ ಅಂಕಿಯಾಗಿ ತಿಳಿಯಬೇಕು. ಧಾರವಾಡದ ಮಾತು ಬೇರೆ, ಮಂಗಳೂರಿನದು ಬೇರೆ, ಮಂಡ್ಯದ್ದು ಬೇರೆ. ಕೇಳಿಸಿಕೊಂಡದ್ದು ತಪ್ಪಾದರೆ ತಿದ್ದುವುದು ಹೇಗೆ? ಹಾಲು ಹಾಕುವ ಸಾಲಿನಲ್ಲಿ ನಿಂತಾಗ ಮನೆಯ ಸಾಲದ ಲೆಕ್ಕವನ್ನು ಗಟ್ಟಿಯಾಗಿ ಹೇಳಲಾದೀತೇ? ಎಷ್ಟೇ ಜಾಣ ಎಐ ಇದ್ದರೂ ಈ ಪ್ರಶ್ನೆಗಳನ್ನು ಅದರ ಮುಂದಿಡಲು ಕೊಟ್ಟಿಗೆಯನ್ನು ಕಂಡವರೇ ಬೇಕು.

ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಇದರಲ್ಲೊಂದು ಧೈರ್ಯವಿದೆ. ‘ಇಂಗ್ಲಿಷ್ ಸರಿಯಾಗಿ ಬರಲ್ಲ, ಹಳ್ಳಿಯವರು’ ಎಂದು ನಾವು ಹಿಂಜರಿಯುತ್ತೇವೆ. ಆದರೆ ಸಂತೆಯಲ್ಲಿ ಜನ ಹೇಗೆ ಲೆಕ್ಕ ಹಾಕುತ್ತಾರೆ, ಬ್ಯಾಂಕ್ ಚಲನ್ ಮುಂದೆ ಎಲ್ಲಿ ಪೆನ್ನು ನಿಲ್ಲಿಸುತ್ತಾರೆ ಎಂಬುದು ನಮಗೆ ಗೊತ್ತು. ಈ ಕ್ಷೇತ್ರದಲ್ಲಿ ಅದೇ ಬಂಡವಾಳ. ಓದು ಮುಂದುವರಿಸುವವರಿಗೆ ಐಐಟಿ ಬಾಂಬೆ ನಡೆಸುವ ಸೀಡ್ ಪರೀಕ್ಷೆಯಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲೂ ಡಿಸೈನ್ ಸ್ನಾತಕೋತ್ತರ ಪದವಿ ಇದೆ. ಅದಕ್ಕೂ ಮೊದಲು ಮನೆಯ ಒಬ್ಬರು ಮೊಬೈಲ್ ಬಳಸುವುದನ್ನು ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ನೋಡಿ. ನನಗೆ ತೀರಾ ಕಷ್ಟವಾಗಿದ್ದು ಆ ಬಾಯಿ ಮುಚ್ಚಿಕೊಳ್ಳುವುದೇ!

ಕಳೆದ ವಾರ ಹೊಸ ಆ್ಯಪ್ ಅಮ್ಮನಿಗೆ ಕೊಟ್ಟೆ. ಅದು ‘ಎರಡೂಕಾಲು ಲೀಟರ್, ಸರಿಯೇ?’ ಎಂದು ಕೇಳಿತು. ಅಮ್ಮ ‘ಹೂಂ’ ಎಂದಳು. ಯಂತ್ರ ‘ಹೌದು’ ಎಂಬ ಪದಕ್ಕಾಗಿ ಕಾಯುತ್ತಲೇ ಇತ್ತು. ಅಮ್ಮ ನನ್ನ ಮುಖ ನೋಡಿದಳು. ಈ ಸಲ ನಾನು ರೇಗಲಿಲ್ಲ. ಪಟ್ಟಿಗೆ ‘ಹೂಂ’ ಸೇರಿಸಿದೆ.