ಕ್ಯಾಂಪಿನ ಹೆಸರು ಕಳಚಲೇ ಇಲ್ಲ

ಮುಕ್ಕುಂದದ ಹೊಳೆದಂಡೆಯಿಂದ ಸಿಂಧನೂರು ಪೇಟೆಗೆ ಬಂದವರು ಒಂದಲ್ಲ ಒಂದು ದಿನ ಆ ಬಳೆಗಳನ್ನು ನೋಡಿರುತ್ತಾರೆ. ಕಾಯಿಪಲ್ಲೆ ಆರಿಸುವ ಹೆಂಗಸಿನ ಕೈಯಲ್ಲಿ ಹಸಿರು ಗಾಜಿನ ಬಳೆ ಇರುವುದಿಲ್ಲ. ಶಂಖದ ಬಿಳಿ ಬಳೆ, ಪಕ್ಕದಲ್ಲೊಂದು ಕೆಂಪು ಬಳೆ. ಬಂಗಾಲದ ಮುತ್ತೈದೆಯ ಗುರುತು ಅದು. ಚೌಕಾಸಿ ಮಾತ್ರ ಅಚ್ಚ ಕನ್ನಡದಲ್ಲಿ.

ಈ ಸೀಮೆಯಲ್ಲಿ ಕ್ಯಾಂಪ್ ಎಂದರೆ ಊರು ಎಂದೇ ಅರ್ಥ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನೆಚ್ಚಿ ಆಂಧ್ರದ ರೈತರು ನೆಲೆಸಿದಲ್ಲೆಲ್ಲ ಒಂದೊಂದು ಕ್ಯಾಂಪ್ ಎದ್ದಿತು. ಪುನರ್ವಸತಿಯ ಆರ್.ಎಚ್. ಕ್ಯಾಂಪ್‌ಗಳಿಗೆ ಬಂದ ಬಂಗಾಲಿಗಳು ಮಾತ್ರ ಇದ್ದ ಹೊಲಮನೆ ಬಿಟ್ಟು ಓಡಿಬಂದವರು. ಪೂರ್ವ ಪಾಕಿಸ್ತಾನದ ಗಲಭೆಗಳಿಗೆ ಹೆದರಿ ಗಡಿ ದಾಟಿದ ಈ ಕುಟುಂಬಗಳಿಗೆ ಸರ್ಕಾರವೇ ಇಲ್ಲಿ ಜಮೀನು ಕೊಟ್ಟು ಕೂರಿಸಿತು. ಬಹುಪಾಲು ನಾಮಶೂದ್ರರು. ಆ ಜಾತಿ ಪಶ್ಚಿಮ ಬಂಗಾಲದಲ್ಲಿ ಪರಿಶಿಷ್ಟರ ಪಟ್ಟಿಯಲ್ಲಿದೆ, ಇಲ್ಲಿಯ ಪಟ್ಟಿಯಲ್ಲಿಲ್ಲ.

ಸರ್ಕಾರ ಕರೆತಂದವರದು ಹೀಗಾದರೆ, ಬಂಧುಗಳ ಬೆನ್ನು ಹಿಡಿದು ತಡವಾಗಿ ಬಂದವರದು ಇನ್ನೂ ತೊಡಕು. 1971ರ ಮಾರ್ಚ್ 25ರ ನಂತರ ಬಂದವರಿಗೆ ಪುನರ್ವಸತಿ ಇಲ್ಲವೆಂದು ಕೇಂದ್ರ ಗೆರೆ ಎಳೆಯಿತು. ಅಣ್ಣ ಪಟ್ಟಾದಾರ, ತಮ್ಮ ಅಕ್ರಮ ವಲಸಿಗ ಎನ್ನುವಂತಾಗಲು ಒಂದು ತಾರೀಖು ಸಾಕಾಯಿತು.

ತಮ್ಮ ಹೋಗಿ ಹಕ್ಕು ಕೇಳಬಹುದಾದ ಕಾನೂನು ನಮ್ಮಲ್ಲಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆಶ್ರಯದ ಬಗ್ಗೆ ನಮ್ಮದೇ ಪ್ರತ್ಯೇಕ ಕಾಯ್ದೆಯೂ ಇಲ್ಲ. ಬೈಲಕುಪ್ಪೆಯ ಟಿಬೆಟನ್ನರಿಗೆ ನೆಲೆ ಸಿಕ್ಕಿದ್ದೂ ಸರ್ಕಾರದ ಮನಸ್ಸಿನಿಂದಲೇ. ಮನಸ್ಸು ಬದಲಾದರೆ ಕೇಳುವವರಿಲ್ಲ.

2019ರ ಪೌರತ್ವ ತಿದ್ದುಪಡಿ ಕಾಯ್ದೆ ಒಂದು ಬಾಗಿಲು ತೆರೆಯಿತು: ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಗಾನಿಸ್ತಾನದಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ. ಮುಸ್ಲಿಮರಿಗಿಲ್ಲ, ಲಂಕೆಯ ತಮಿಳರಿಗೂ ಇಲ್ಲ. ನಿಯಮಗಳು ಬಂದದ್ದು 2024ರ ಮಾರ್ಚ್‌ನಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ಸಿಂಧನೂರು ಕ್ಯಾಂಪಿನ ಐವರಿಗೆ ಪೌರತ್ವ ಸಿಕ್ಕ ಸುದ್ದಿ ಬಂತು.

ಪೌರತ್ವದ ಅರ್ಜಿ ತುಂಬುವುದೇ ಒಂದು ಸಂಕಟ. ಇಲ್ಲಿಯವನಾಗಬೇಕಾದರೆ ಮೊದಲು 'ನಾನು ಅಲ್ಲಿಯವನು' ಎಂದು ಬರೆದುಕೊಡಬೇಕು. ದಶಕಗಳ ಕಾಲ ಬಾಯಿಬಿಡದೆ ಕಾಪಾಡಿಕೊಂಡ ಮಾತನ್ನು ಕಚೇರಿಯ ಮುಂದಿಡಬೇಕು. ಉಟ್ಟ ಬಟ್ಟೆಯಲ್ಲಿ ಗಡಿ ದಾಟಿದವರ ಹತ್ತಿರ ಅಲ್ಲಿಯ ಯಾವ ಕಾಗದ ಉಳಿದೀತು?

ಪೇಟೆಯಲ್ಲಿ ಆ ಹೆಂಗಸು ಚೀಲ ಎತ್ತಿಕೊಳ್ಳುತ್ತಾಳೆ. ಯಾವೂರು ಎಂದು ಕೇಳಿದರೆ ತಡವರಿಸದೆ ಕ್ಯಾಂಪಿನ ನಂಬರು ಹೇಳುತ್ತಾಳೆ.