ಎರಿಹೊಲದ ಜೋಳ, ಅನ್ಯಗ್ರಹದ ಜೀವ

ಪ್ರಶ್ನೆ: ಬೇರೆ ಗ್ರಹದಲ್ಲಿ ಜೀವ ವಿಕಾಸಗೊಂಡಿದ್ದರೆ ಹೇಗಿರಬಹುದು?
— ಓದುಗರೊಬ್ಬರು, ಯಲಬುರ್ಗಾ

ಉತ್ತರ: ಹೇಗೆ ಬೇಕಾದರೂ ಇರಬಹುದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಂದೇ ಬಗೆಯ ಕಷ್ಟ ಎದುರಾದಾಗ ಜೀವಕ್ಕೆ ಸಿಗುವ ದಾರಿಗಳು ಕೆಲವೇ. ಅದಕ್ಕೆ ಸಾಕ್ಷಿ ನಿಮ್ಮ ಎರಿಹೊಲದಲ್ಲೇ ಇದೆ. ಗಂಗಾವತಿಯ ಕಾಲುವೆ ನೀರಿನ ಭತ್ತ ಇಂಗಾಲದ ಡೈಆಕ್ಸೈಡನ್ನು ಹಳೆಯ ವಿಧಾನದಲ್ಲೇ ಹಿಡಿಯುತ್ತದೆ. ಯಲಬುರ್ಗಾದ ಜೋಳವಾದರೋ ಆ ಅನಿಲವನ್ನು ಎಲೆಯೊಳಗೆ ಸಾಂದ್ರಗೊಳಿಸಿಕೊಳ್ಳುವುದರಿಂದ, ಪತ್ರರಂಧ್ರಗಳನ್ನು ಹೆಚ್ಚು ತೆರೆಯದೆ ನೀರು ಉಳಿಸುತ್ತದೆ. ಸಿ4 ಎನ್ನುವ ಈ ವಿಧಾನ ಸಸ್ಯಲೋಕದಲ್ಲಿ 60ಕ್ಕೂ ಹೆಚ್ಚು ಬಾರಿ ಸ್ವತಂತ್ರವಾಗಿ ವಿಕಾಸಗೊಂಡಿದೆ! ಬೇಲಿಯನ್ನೂ ನೋಡಿ. ಪಾಪಾಸುಕಳ್ಳಿ ಅಮೆರಿಕ ಖಂಡದಿಂದ ಬಂದದ್ದು, ಹಾಲು ಸುರಿಸುವ ನಮ್ಮ ಕಳ್ಳಿ ಬೇರೆಯೇ ಕುಟುಂಬದ್ದು. ಆದರೂ ಎರಡೂ ಹಸಿರು ಕಾಂಡದಲ್ಲಿ ನೀರು ತುಂಬಿಕೊಂಡು ಮುಳ್ಳು ಹೊತ್ತು ನಿಂತಿವೆ.

ಇವೆಲ್ಲ ಒಂದೇ ಮೂಲದಿಂದ ಬಂದ ಭೂಮಿಯ ಸಸ್ಯಗಳು, ಇದ್ದ ಕಿಣ್ವಗಳನ್ನೇ ಹೊಸದಾಗಿ ಬಳಸಿಕೊಂಡಿವೆ, ಇದರಿಂದ ಅನ್ಯಗ್ರಹದ ಬಗ್ಗೆ ಏನು ಹೇಳಲಾದೀತು ಎಂದು ಕೇಳಬಹುದು. ಆಕ್ಷೇಪ ಗಟ್ಟಿಯಾದದ್ದೇ. ಹಾಗಾಗಿ ಅಲ್ಲಿಯೂ ಡಿಎನ್‌ಎ ಇರುತ್ತದೆ, ತೆನೆ ಬಿಡುತ್ತದೆ ಎಂದು ನಾನು ವಾದಿಸುವುದಿಲ್ಲ. ಆದರೆ ಆವಿಯಾಗುವಿಕೆ, ಗುರುತ್ವ, ಬೆಳಕು ಭೂಮಿಯೊಂದರ ಸ್ವತ್ತಲ್ಲ. ಅನಿಲ ಒಳಬರಲು ದಾರಿ ಬಿಟ್ಟರೆ ನೀರು ಹೊರಹೋಗುವ ಸಂಕಟ, ದ್ರವನೀರನ್ನು ನಂಬಿದ ಜೀವಕ್ಕೆ ಯಾವ ಒಣ ಗ್ರಹದಲ್ಲೂ ತಪ್ಪದು. ಗುರುತ್ವ ಹೆಚ್ಚಿದ್ದಲ್ಲಿ ನೆಟ್ಟಗೆ ನಿಲ್ಲುವ ಜೀವಿ ಗಿಡ್ಡವಾಗಿ, ದಪ್ಪವಾಗಿ ಬೆಳೆದೀತು. ಕೆಂಪು ಕುಬ್ಜ ನಕ್ಷತ್ರದ ಮಂದ ಬೆಳಕಿನಲ್ಲಿ, ಸಿಕ್ಕ ಬಣ್ಣವನ್ನೆಲ್ಲ ಹೀರುವ ಕಪ್ಪು ಎಲೆಗಳಿರಬಹುದೆಂದು ವಿಜ್ಞಾನಿಗಳು ಊಹಿಸಿದ್ದಾರೆ. ಆದರೂ ಮೊದಲು ಸಿಗುವುದು ಸೂಕ್ಷ್ಮಜೀವಿಯೇ ಎಂದು ನನ್ನ ಎಣಿಕೆ: ಭೂಮಿಯಲ್ಲೂ ಸುಮಾರು 350 ಕೋಟಿ ವರ್ಷಗಳ ಜೀವೇತಿಹಾಸದ ಬಹುಪಾಲು ಏಕಕೋಶಜೀವಿಗಳದ್ದೇ.